ವೀವರ್ ಹಕ್ಕಿಗೆ ಹುಲ್ಲು, ಸಾಫ್ಟ್‌ಬಿಲ್‌ಗೆ ಹಣ್ಣು: ಸಾಕುವವರಿಗೊಂದು ಕೈಪಿಡಿ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹೊಲದ ಈಚಲು ಮರದಲ್ಲಿ, ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೂಡು ನೇತುಹಾಕುವ ಗೀಜಗವನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಇಡುವುದು ಎಲ್ಲವೂ ಅಪರಾಧ. ಪಿಕಳಾರ, ಬೆಳ್ಗಣ್ಣ, ಮಡಿವಾಳ ಹಕ್ಕಿ, ಬೆಟ್ಟದ ಮೈನಾ, ಮುನಿಯ, ಎಲ್ಲಕ್ಕೂ ಇದೇ ಮಾತು. "ನಮ್ಮ ತಾತ ಸಾಕಿದ್ರು" ಅನ್ನುವುದು ನಿಜವೇ ಇರಬಹುದು. ಗೀಜಗಕ್ಕೆ ಆಟ ಕಲಿಸಿ, ನಾಣ್ಯ ಹೆಕ್ಕಿಸಿ ಜನರನ್ನು ರಂಜಿಸುವವರು ಒಂದು ಕಾಲದಲ್ಲಿ ಬೀದಿಯಲ್ಲೇ ಇದ್ದರು. ಆ ಕಾಲ ಹೋಯಿತು.

ಹಾಗಾಗಿ ಈ ಲೇಖನ ಹೊರದೇಶದ ಹಕ್ಕಿಗಳ ಬಗ್ಗೆ. ಗೂಡು ನೇಯುವ ಗೀಜಗದ ಕುಲಕ್ಕೆ ಇಂಗ್ಲಿಷಿನಲ್ಲಿ ವೀವರ್ ಅನ್ನುತ್ತಾರೆ; ಅದರ ಆಫ್ರಿಕಾದ ನೆಂಟರಾದ ಬಿಷಪ್, ಕ್ವೀಲಿಯಾ, ವಿಲೇಜ್ ವೀವರ್ ಒಂದು ಕಡೆ. ಕಾಳು ಬಿಟ್ಟು ಹಣ್ಣು, ಹುಳುಗಳಿಂದಲೇ ಬದುಕುವ ಹಕ್ಕಿಗಳು ಇನ್ನೊಂದು ಕಡೆ. ಇವನ್ನು ಸಾಕುವವರು ಒಟ್ಟಾಗಿ ಸಾಫ್ಟ್‌ಬಿಲ್ ಅನ್ನುತ್ತಾರೆ. ಸೂಪರ್ಬ್ ಸ್ಟಾರ್ಲಿಂಗ್, ಟುರಾಕೊ, ಟೂಕಾನ್ ಎಲ್ಲ ಈ ಗುಂಪಿನವು. ಲವ್‌ಬರ್ಡ್ಸ್, ಜೀಬ್ರಾ ಫಿಂಚ್ ಸಾಕಿ ಕೈ ಪಳಗಿದವರು ಮುಂದಿನ ಹೆಜ್ಜೆ ಅಂತ ಇವುಗಳ ಕಡೆ ನೋಡುತ್ತಾರೆ. ಆದರೆ ಇವು ಬೇರೆಯದೇ ಲೆಕ್ಕ. ವೀವರ್‌ಗೆ ದಿನವಿಡೀ ಮಾಡಲು ಕೆಲಸ ಬೇಕು. ಸಾಫ್ಟ್‌ಬಿಲ್‌ಗೆ ದಿನವೂ ಅಡುಗೆ ಮಾಡುವವರು ಬೇಕು. ಎರಡೂ ನಿಮ್ಮ ಕೈಲಾಗದಿದ್ದರೆ ಫಿಂಚ್‌ನಲ್ಲೇ ಇದ್ದುಬಿಡಿ, ಅದರಲ್ಲೇನೂ ಕೊರತೆಯಿಲ್ಲ.

ಕಾಗದಪತ್ರ ಮೊದಲು, ಹಕ್ಕಿ ಆಮೇಲೆ

2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಪಕ್ಷಿಗಳು ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದವು. ಅಂಥ ಹಕ್ಕಿ ನಿಮ್ಮಲ್ಲಿದ್ದರೆ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದರೆ 30 ದಿನದೊಳಗೆ. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಟೋಕೊ ಟೂಕಾನ್ ಮತ್ತು ಹಸಿರು ಟುರಾಕೊಗಳು ಈ ಪಟ್ಟಿಯಲ್ಲಿವೆ. ಸೂಪರ್ಬ್ ಸ್ಟಾರ್ಲಿಂಗ್ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೂ ಬಿಲ್ ಕೇಳಿ ತೆಗೆದುಕೊಳ್ಳಿ, ಜೋಪಾನವಾಗಿಡಿ. ಸಾಕುಪ್ರಾಣಿ ಅಂಗಡಿಗಳು 2018ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಪತ್ರವನ್ನು ಗೋಡೆಗೆ ಹಾಕಿರದ ಅಂಗಡಿಯಿಂದ ಸುಮ್ನೆ ಹೊರಗೆ ಬನ್ನಿ.

ಕೊಳ್ಳುವಾಗ ಕಾಲು ನೋಡಿ. ಜೋಡಣೆಯ ಗುರುತೇ ಇಲ್ಲದ ಇಡೀ ಉಂಗುರ ಇದ್ದರೆ ಒಳ್ಳೆಯ ಲಕ್ಷಣ. ಮರಿಗೆ ಕೆಲವೇ ದಿನ ವಯಸ್ಸಾಗಿದ್ದಾಗ ಮಾತ್ರ ಅಂಥ ಉಂಗುರ ಪಾದ ದಾಟಿ ಕಾಲಿಗೆ ಏರುತ್ತದೆ. ಅಂದರೆ ಅದು ಪಂಜರದಲ್ಲೇ ಹುಟ್ಟಿದ ಹಕ್ಕಿ. ಇನ್ನೊಂದು ಮಾತು: ನಮ್ಮ ಮುನಿಯಗಳಿಗೆ ಹಸಿರು, ಕೆಂಪು ಬಣ್ಣ ಹಚ್ಚಿ "ಫಾರಿನ್ ಫಿಂಚ್" ಅಂತ ಮಾರುವ ದಂಧೆ ಹಳೆಯದು. ರೆಕ್ಕೆ ಬಿಡಿಸಿ ಗರಿಯ ಬುಡ ನೋಡಿ. ಬಣ್ಣ ಮೇಲ್ಮೇಲೆ ಇದ್ದು ಬುಡದಲ್ಲಿ ಕಂದು ಕಂಡರೆ, ಒದ್ದೆ ಹತ್ತಿಗೆ ಬಣ್ಣ ಅಂಟಿದರೆ ಮುಟ್ಟಲೇಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬಹುದು. ಮಳೆಗಾಳಿಗೆ ಗೂಡು ಸಮೇತ ಬಿದ್ದ ಗೀಜಗದ ಮರಿ ಸಿಕ್ಕರೂ ಅದೇ ದಾರಿ. ಕನಿಕರಕ್ಕೆ ಅಂತ ಮನೆಯಲ್ಲೇ ಸಾಕಲು ಹೋಗಬೇಡಿ.

ಯಾವುದನ್ನು ತರಬೇಕು?

ವೀವರ್‌ಗಳಲ್ಲಿ ಹೊಸಬರಿಗೆ ಆರೆಂಜ್ ಬಿಷಪ್ ಸರಿ. ಗಾತ್ರ ಚಿಕ್ಕದು, ಗಟ್ಟಿ ಹಕ್ಕಿ, ಕಾಳು ತಿಂದುಕೊಂಡು ಇರುತ್ತದೆ. ಗಂಡು ಮರಿ ಮಾಡುವ ಋತುವಿನಲ್ಲಿ ಕಿತ್ತಳೆ ಮತ್ತು ಕಪ್ಪು ಬಣ್ಣದಲ್ಲಿ ಉರಿಯುತ್ತದೆ. ಋತು ಮುಗಿದ ಮೇಲೆ ಹೆಣ್ಣು ಗುಬ್ಬಚ್ಚಿಯಂತೆ ಮಾಸಲು ಕಂದು. ಇದು ಗೊತ್ತಿಲ್ಲದೆ "ಬಣ್ಣ ಹೋಯ್ತು, ಕಾಯಿಲೆ ಬಂತು" ಅಂತ ಔಷಧಿ ಹಾಕುವವರಿದ್ದಾರೆ. ಬಣ್ಣ ಇಲ್ಲದ ತಿಂಗಳಲ್ಲಿ ಕೊಂಡರೆ ಗಂಡು ಹೆಣ್ಣು ಗುರುತಿಸುವುದೂ ಕಷ್ಟ. ಕ್ವೀಲಿಯಾ ಆಫ್ರಿಕಾದ ರೈತರಿಗೆ ಪಿಡುಗು, ಪಂಜರದಲ್ಲಿ ಮಾತ್ರ ಸಾಧು. ಗುಂಪಿನಲ್ಲಿ ಇಟ್ಟರೆ ಚೆನ್ನಾಗಿರುತ್ತದೆ. ವಿಲೇಜ್ ವೀವರ್ ಗಡವ. ಪಕ್ಕದ ಹಕ್ಕಿಯ ಗೂಡು ಕಿತ್ತು ತನ್ನ ಗೂಡಿಗೆ ಹಾಕಿಕೊಳ್ಳುತ್ತದೆ, ಗರಿ ಕೀಳುತ್ತದೆ. ಯಾವ ವೀವರನ್ನೂ ಜೀಬ್ರಾ ಫಿಂಚ್ ಜೊತೆ ಒಂದೇ ಪಂಜರಕ್ಕೆ ಹಾಕಬೇಡಿ.

ಸಾಫ್ಟ್‌ಬಿಲ್‌ಗಳಲ್ಲಿ ಸೂಪರ್ಬ್ ಸ್ಟಾರ್ಲಿಂಗ್‌ನಿಂದ ಶುರು ಮಾಡಬಹುದು. ಮರದ ಪೆಟ್ಟಿಗೆ ಕೊಟ್ಟರೆ ಗೂಡು ಮಾಡುತ್ತದೆ. ಟುರಾಕೊ ಒಂದು ಜೋಡಿಗೆ ಒಂದು ಏವಿಯರಿ, ಅಂದರೆ ಹಕ್ಕಿ ಹಾರಾಡುವಷ್ಟು ದೊಡ್ಡ ಜಾಲರಿ ಮನೆ ಬೇಕು. ಗಂಡು ಕೆಲವೊಮ್ಮೆ ಹೆಣ್ಣನ್ನೇ ಅಟ್ಟಾಡಿಸಿ ಕೊಲ್ಲುತ್ತದೆ. ಅದಕ್ಕೇ ನಡುವೆ ಪೊದೆ, ಗಿಡ ಇರಲಿ, ಹೆಣ್ಣಿಗೆ ಮರೆಯಾಗಲು ಜಾಗ ಬೇಕು. (ಟುರಾಕೊ ರೆಕ್ಕೆಯ ಕೆಂಪು ಬಣ್ಣದಲ್ಲಿ ತಾಮ್ರ ಇದೆ. ಹಕ್ಕಿಗಳ ಲೋಕದಲ್ಲಿ ಇದು ಅಪರೂಪ.) ಟೂಕಾನ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಮನೆಯ ಹಾಲ್‌ನಲ್ಲಿ ಇಡುವ ಹಕ್ಕಿ ಅದಲ್ಲ. ಹಾರಲು ದೊಡ್ಡ ಜಾಗ ಇರುವವರು ಮಾತ್ರ ಯೋಚಿಸಲಿ.

ಏವಿಯರಿ ಕಟ್ಟುವುದು

ಬಾಲ್ಕನಿಗೆ ತೂಗುಹಾಕುವ ಪಂಜರ ಇಲ್ಲಿ ನಡೆಯದು. ಐದಾರು ಬಿಷಪ್‌ಗಳ ಗುಂಪಿಗೆ 12 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರ ಇದ್ದರೆ ನೆಮ್ಮದಿ. ಎತ್ತರಕ್ಕಿಂತ ಉದ್ದ ಮುಖ್ಯ. ಹಕ್ಕಿ ಅಡ್ಡ ಹಾರುತ್ತದೆ, ಲಿಫ್ಟ್‌ನಂತೆ ಮೇಲೆ ಕೆಳಗೆ ಓಡಾಡುವುದಿಲ್ಲ.

ಜಾಲರಿ ಅರ್ಧ ಇಂಚಿನದು ಸಾಕು, ಆದರೆ ಸಣ್ಣ ಇಲಿ ಅದರಲ್ಲೂ ನುಸುಳುತ್ತದೆ. ಕೆಳಗಿನ ಮೂರಡಿಗೆ ಕಾಲಿಂಚಿನ ಜಾಲರಿ ಹಾಕಿ. ತಳಕ್ಕೆ ಒಂದೂವರೆ ಅಡಿ ಆಳದ ಕಾಂಕ್ರೀಟ್ ಬುನಾದಿ ಕೊಟ್ಟರೆ ಹೆಗ್ಗಣ, ಮುಂಗುಸಿ ಕೊರೆದು ಬರುವುದು ತಪ್ಪುತ್ತದೆ. ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯ ಮೇಲೆ ಸತುವಿನ ಪುಡಿ, ಗಂಟುಗಳು ಇರುತ್ತವೆ. ಹಕ್ಕಿ ಅದನ್ನು ಕುಕ್ಕಿ ನುಂಗಿದರೆ ವಿಷ. ವಿನೆಗರ್ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಬಿಟ್ಟ ಮೇಲೆ ಹಕ್ಕಿ ಬಿಡಿ.

ಬಾಗಿಲು ಎರಡು ಇರಲೇಬೇಕು. ಒಂದು ದಾಟಿ, ಮುಚ್ಚಿ, ಆಮೇಲೆ ಇನ್ನೊಂದು ತೆಗೆಯುವ ಹಾಗೆ. ಇದು ನಿಮ್ಮ ದುಡ್ಡು ಉಳಿಸಲು ಮಾತ್ರ ಅಲ್ಲ. ವಿಲೇಜ್ ವೀವರ್ ಹೀಗೇ ಮನುಷ್ಯರ ಕೈಯಿಂದ ಮಾರಿಷಸ್, ರಿಯೂನಿಯನ್, ಹಿಸ್ಪ್ಯಾನಿಯೋಲಾ ದ್ವೀಪಗಳಿಗೆ ಹೋಗಿ ಅಲ್ಲೇ ನೆಲೆ ನಿಂತಿದೆ. ರಾಗಿ, ಭತ್ತ ಬೆಳೆಯುವ ನಮ್ಮ ಸೀಮೆಗೆ ಅಂಥದ್ದೊಂದು ಬೇಡ, ಅಲ್ವಾ?

ಮೇಲ್ಛಾವಣಿಯ ಮೂರನೇ ಒಂದು ಭಾಗಕ್ಕಾದರೂ ಶೀಟ್ ಹಾಕಿ. ಮಲೆನಾಡಿನಲ್ಲಿ ಇನ್ನೂ ಜಾಸ್ತಿ ಮುಚ್ಚಬೇಕು, ಗಾಳಿ ಬೀಸುವ ಕಡೆ ತಡೆಯೂ ಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಶೇಡ್ ನೆಟ್ ಮತ್ತು ಮಧ್ಯಾಹ್ನ ಒಂದಷ್ಟು ನೀರು ಚಿಮುಕಿಸುವ ವ್ಯವಸ್ಥೆ ಬೇಕು. ಕಾಡುಹಕ್ಕಿಯ ಹಿಕ್ಕೆ ಒಳಗೆ ಬೀಳುವ ಜಾಗದಲ್ಲಿ ಊಟದ ಬಟ್ಟಲು ಇಡಬೇಡಿ. ಹಕ್ಕಿಜ್ವರದ ಭಯ ಇದ್ದದ್ದೇ. ಹಿಕ್ಕೆಯಿಂದ ಹರಡುವ ಪರಾವಲಂಬಿ ರೋಗಗಳೂ ಇವೆ.

ಹುಲ್ಲು ಕೊಡಿ, ಸಂಗಾತಿಗಳನ್ನು ಕೊಡಿ

ವೀವರ್ ಸಾಕುವುದರ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಂಗಡಿಯಲ್ಲಿ "ಒಂದು ಜೋಡಿ" ಅಂತಲೇ ಮಾರುತ್ತಾರೆ. ಈ ಹಕ್ಕಿಗಳು ಜೋಡಿಯಾಗಿ ಬದುಕುವವಲ್ಲ. ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಮುಂಬೈ ಬಳಿಯ ಕಿಹೀಂನಲ್ಲಿ ಗೀಜಗಗಳ ಗೂಡುಗಳನ್ನು ದಿನಗಟ್ಟಲೆ ಕಾದು ನೋಡಿದಾಗ ಇದು ಬಯಲಾಯಿತು. ಗಂಡು ಅರ್ಧ ಗೂಡು ಕಟ್ಟಿ ಕಾಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಗಂಡು ಗೂಡು ಮುಗಿಸಿಕೊಡುತ್ತದೆ, ಹೆಣ್ಣು ಮೊಟ್ಟೆ ಇಡುತ್ತದೆ, ಗಂಡು ಮುಂದಿನ ಗೂಡಿಗೆ ಹೋಗುತ್ತದೆ. ಆಫ್ರಿಕಾದ ನೆಂಟರದೂ ಬಹುಪಾಲು ಇದೇ ಸಂಸಾರ. ಹಾಗಾಗಿ ಬಿಷಪ್ ಆದರೆ ಒಂದು ಗಂಡಿಗೆ ಮೂರೋ ನಾಲ್ಕೋ ಹೆಣ್ಣು ಇರಲಿ. ಸಣ್ಣ ಏವಿಯರಿಯಲ್ಲಿ ಬಣ್ಣ ಬಂದ ಎರಡು ಗಂಡು ಇದ್ದರೆ ಒಂದು ಮೂಲೆ ಸೇರುತ್ತದೆ. ವಿಲೇಜ್ ವೀವರ್‌ಗೆ ಇದು ಉಲ್ಟಾ. ಒಂದಿಷ್ಟು ಗಂಡುಗಳು ಅಕ್ಕಪಕ್ಕ ಗೂಡು ಕಟ್ಟುತ್ತಾ, ರೆಕ್ಕೆ ಬಡಿದು ಕಿರುಚುತ್ತಾ ಇದ್ದರೇ ಉಳಿದವಕ್ಕೂ ಹುರುಪು ಬರುವುದು.

ಈ ಹಕ್ಕಿಗಳನ್ನು ಪಂಜರದಲ್ಲಿ ಮರಿ ಮಾಡಿಸುವ ವಿದ್ಯೆ ಬಹಳ ಕಾಲ ಬೆಳೆಯಲೇ ಇಲ್ಲ. ಆಫ್ರಿಕಾದಿಂದ ಹಿಡಿದ ಹಕ್ಕಿ ಅಗ್ಗವಾಗಿ ಯೂರೋಪಿಗೆ ಬರುತ್ತಿತ್ತು, ಯಾರಿಗೂ ಅವಸರ ಇರಲಿಲ್ಲ. ಯೂರೋಪಿಯನ್ ಒಕ್ಕೂಟ 2005ರಲ್ಲಿ ತಾತ್ಕಾಲಿಕವಾಗಿ, 2007ರಲ್ಲಿ ಕಾಯಮ್ಮಾಗಿ ಕಾಡುಹಕ್ಕಿ ಆಮದು ನಿಲ್ಲಿಸಿತು. ಆಮೇಲೆ ಸಾಕುವವರಿಗೆ ಹುಲ್ಲಿನ ಬೆಲೆ ಗೊತ್ತಾಯಿತು.

ಗಂಡು ಎಲೆ ಸೀಳುವುದನ್ನು ಹತ್ತಿರದಿಂದ ನೋಡಿ. ಗಿನಿ ಹುಲ್ಲಿನ ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತದೆ. ಆ ಕಚ್ಚಿನ ಮೇಲಿನ ತುಣುಕನ್ನು ಬಿಗಿಯಾಗಿ ಹಿಡಿದು ಎಲೆಯ ತುದಿಯ ಕಡೆಗೆ ಹಾರುತ್ತದೆ. ಸರ್ರನೆ ಒಂದು ಉದ್ದನೆಯ ದಾರ ಸೀಳಿ ಬರುತ್ತದೆ. ಕೊಂಬೆಯ ಮೇಲೆ ಕೂತು ದಾರದ ಒಂದು ಕೊನೆಯನ್ನು ಕಾಲಲ್ಲಿ ಒತ್ತಿ ಹಿಡಿಯುತ್ತದೆ. ಇನ್ನೊಂದು ಕೊನೆಯನ್ನು ಕೊಂಬೆಗೆ ಸುತ್ತಿ, ಅಡಿಯಿಂದ ತೂರಿಸಿ, ಈಚೆ ಎಳೆಯುತ್ತದೆ. ಬಿಗಿ ಆಗದಿದ್ದರೆ ಬಿಚ್ಚಿ ಮತ್ತೆ ಶುರು.

ಇದಕ್ಕೆ ಹಸಿ ಎಲೆಯೇ ಬೇಕು. ಒಣಗಿದ್ದು ಮುರಿಯುತ್ತದೆ, ಗಂಟು ಕೂರುವುದಿಲ್ಲ. ಗಿನಿ ಹುಲ್ಲು, ನೇಪಿಯರ್, ಕಬ್ಬಿನ ಸೋಗೆ, ತೆಂಗಿನ ಎಳೆ ಗರಿ, ಈಚಲು ಗರಿ, ಯಾವುದಾದರೂ ಆದೀತು. ಬೆಳಿಗ್ಗೆ ಕೊಯ್ದು, ಬುಡವನ್ನು ನೀರಿನ ಬಾಟಲಿಯಲ್ಲಿಟ್ಟು ಕಟ್ಟಿ. ಬಾಟಲಿಯ ಬಾಯಿ ಮುಚ್ಚಿರಲಿ, ಇಲ್ಲದಿದ್ದರೆ ಹಕ್ಕಿ ಮುಳುಗುತ್ತದೆ. ಮಧ್ಯಾಹ್ನ ಬಾಡಿದರೆ ಬದಲಿಸಿ. ಔಷಧಿ ಹೊಡೆದ ಹೊಲದ ಹುಲ್ಲು ಮಾತ್ರ ಬೇಡ. ಆದಷ್ಟು ಏವಿಯರಿಯ ಪಕ್ಕದಲ್ಲೇ ನಾಲ್ಕು ಬುಡ ನೇಪಿಯರ್ ನೆಟ್ಟುಕೊಳ್ಳಿ. ದಾರ, ಗೋಣಿಚೀಲದ ನೂಲು, ನೈಲಾನ್, ಕೂದಲು ಒಳಗೆ ಬಿಡಬೇಡಿ. ಅದನ್ನೂ ನೇಯುತ್ತದೆ, ಮರಿಯ ಕಾಲಿಗೆ ಸುತ್ತಿಕೊಂಡು ಬೆರಳು ಉದುರುತ್ತದೆ.

ಗೂಡಿನ ಜಾಗ ಜಾತಿಗೊಂದು ಥರ. ವಿಲೇಜ್ ವೀವರ್ ಕೊಂಬೆಯ ತುದಿಯಲ್ಲಿ ನೇತುಹಾಕುತ್ತದೆ. ಕವಲೊಡೆದ ತೆಳು ರೆಂಬೆಗಳನ್ನು ಮೇಲಿಂದ ಇಳಿಬಿಡಿ. ಬಿಷಪ್ ಹಾಗಲ್ಲ. ನೆಟ್ಟಗೆ ನಿಂತ ಹುಲ್ಲಿನ ಕಡ್ಡಿಗಳ ನಡುವೆ, ನೆಲದಿಂದ ಸ್ವಲ್ಪ ಮೇಲೆ ಗುಂಡನೆ ಗೂಡು ನೇಯುತ್ತದೆ. ದೊಡ್ಡ ಕುಂಡಗಳಲ್ಲಿ ಆಪಿನಂಥ ಹುಲ್ಲು ಬೆಳೆಸಿ ಒತ್ತಾಗಿ ಜೋಡಿಸಿದರೆ ಒಪ್ಪಿಕೊಳ್ಳುತ್ತದೆ. ಬಿದಿರು ಬುಟ್ಟಿ ಗೂಡು ನೇತುಹಾಕಿ ಯಾಕೆ ಮೊಟ್ಟೆ ಇಡಲಿಲ್ಲ ಎಂದು ಕೇಳುವವರು ತಾವು ಸಾಕುತ್ತಿರುವುದು ಫಿಂಚ್ ಅಲ್ಲ ಅನ್ನುವುದನ್ನೇ ಮರೆತಿರುತ್ತಾರೆ.

ಗಂಡು ಕಟ್ಟಿದ ಗೂಡನ್ನು ತಾನೇ ಕಿತ್ತು ಹಾಕಿದರೆ ಗಾಬರಿ ಬೇಡ. ಹೆಣ್ಣು ಒಪ್ಪದೆ ಎಲೆ ಒಣಗಿ ಕಂದಾದ ಗೂಡನ್ನು ಕೆಡವಿ ಅದೇ ಜಾಗದಲ್ಲಿ ಹಸಿರು ಗೂಡು ಕಟ್ಟುವುದು ಅದರ ಕ್ರಮ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ನಿಕೊಲಸ್ ಮತ್ತು ಎಲ್ಸಿ ಕಾಲಿಯಸ್ ದಂಪತಿ ವಿಲೇಜ್ ವೀವರ್‌ಗಳನ್ನು ಏವಿಯರಿಯಲ್ಲಿ ಇಟ್ಟು ವರ್ಷಗಟ್ಟಲೆ ಇದನ್ನೆಲ್ಲ ಗಮನಿಸಿದ್ದರು. ಮರಿಯಾಗಿದ್ದಾಗ ನೇಯಲು ಏನೂ ಸಿಗದ ಗಂಡುಗಳು ಮೊದಲ ಬಾರಿ ಎಲೆ ಸಿಕ್ಕಾಗ ಒಂದು ಎಳೆಯನ್ನೂ ನೇಯಲಾರದೆ ಒದ್ದಾಡಿದವು. ಹುಟ್ಟಿನಿಂದ ಬಂದದ್ದಕ್ಕೆ ಅಭ್ಯಾಸವೂ ಸೇರಬೇಕು. ಆದ್ದರಿಂದ ಕಂದು ಬಣ್ಣದ ಎಳೆ ಗಂಡುಗಳಿಗೂ ಹುಲ್ಲು ಕೊಡುತ್ತಿರಿ. ಅವು ಕಟ್ಟಿದ್ದು ಜಾಳುಜಾಳಾಗಿ ಇರುತ್ತದೆ, ಇರಲಿ ಬಿಡಿ.

ವೀವರ್ ಊಟ

ಇದು ಸುಲಭ, ಅದರಲ್ಲೂ ಸಿರಿಧಾನ್ಯದ ನಾಡಿನಲ್ಲಿ. ನವಣೆ, ಬರಗು, ಸಾಮೆ ಸಿಪ್ಪೆ ಸಮೇತ ಕೊಡಿ. ಅಕ್ಕಿ ಮಾಡಿದ್ದು ಬೇಡ. ಸ್ವಲ್ಪ ರಾಗಿ, ಭತ್ತ ಇರಲಿ. ನವಣೆ ತೆನೆ ಇಡಿಯಾಗಿ ನೇತುಹಾಕಿದರೆ ತಲೆಕೆಳಗಾಗಿ ಜೋತು ತಿನ್ನುತ್ತವೆ. ಮೊಳಕೆ ಕಾಳು, ದಂಟಿನ ಸೊಪ್ಪು ವಾರಕ್ಕೆ ಮೂರು ನಾಲ್ಕು ಸಲ. ಸುಣ್ಣದ ಅಂಶಕ್ಕೆ ಕಟಲ್‌ಬೋನ್ ಕಟ್ಟಿ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಕೇಳಿದರೆ ಕೊಡುವುದು ಇದನ್ನೇ. ಮೊಟ್ಟೆ ಒಡೆದ ದಿನದಿಂದ ಮಾತ್ರ ಹುಳು ಧಾರಾಳವಾಗಿ ಬೇಕು. ಕಾಳು ತಿನ್ನುವ ತಾಯಿಯೂ ಮರಿಗೆ ಮೊದಲ ದಿನಗಳಲ್ಲಿ ಹುಳುವನ್ನೇ ಉಣಿಸುವುದು. ಆ ವಾರ ಹುಳು ಮುಗಿದರೆ ಮರಿಯನ್ನು ಗೂಡಿನಿಂದ ಆಚೆ ಎಸೆಯುತ್ತದೆ.

ಹುಳು ಮನೆಯಲ್ಲೇ ಬೆಳೆಸಿ. ಪ್ಲಾಸ್ಟಿಕ್ ಡಬ್ಬಿ, ಗೋಧಿ ಬೂಸಾ, ಒಂದೆರಡು ಕ್ಯಾರೆಟ್ ಹೋಳು, ಇಷ್ಟಕ್ಕೆ ಮೀಲ್‌ವರ್ಮ್ ಬೆಳೆಯುತ್ತದೆ. ಬೂಸಾ ಒದ್ದೆಯಾದರೆ ಬೂಷ್ಟು, ಎಸೆದುಬಿಡಿ. ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಹುಳುವಿನಲ್ಲಿ ಸುಣ್ಣ ಬಹಳ ಕಡಿಮೆ.

ಸಾಫ್ಟ್‌ಬಿಲ್ ಅಡುಗೆಮನೆ

ಇಲ್ಲಿ ಹಕ್ಕಿ ಸಾಯುವುದು ಹಸಿವಿನಿಂದಲ್ಲ, ಕಬ್ಬಿಣದಿಂದ. ಟೂಕಾನ್, ಮೈನಾ, ಸ್ಟಾರ್ಲಿಂಗ್ ಜಾತಿಗಳ ದೇಹ ಆಹಾರದ ಕಬ್ಬಿಣವನ್ನು ಬೇಕೋ ಬೇಡವೋ ಹೀರಿಕೊಂಡು ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ. ಕಾಡಿನ ಊಟದಲ್ಲಿ ಕಬ್ಬಿಣ ಕಡಿಮೆ, ಅಲ್ಲಿ ಅದು ಅನುಕೂಲ. ನಮ್ಮ ಬಟ್ಟಲಿನಲ್ಲಿ ಜಾಸ್ತಿ, ಇಲ್ಲಿ ಅದೇ ಮುಳುವು. ಹೊಟ್ಟೆ ಉಬ್ಬುವುದು, ಬಾಯಿ ತೆರೆದು ಉಸಿರಾಡುವುದು, ಮಂಕಾಗುವುದು ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಕೊಳ್ಳುವಾಗ ಲೇಬಲ್ ಓದಿ. ಕಿಲೋಗೆ 100 ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣ ಇರಬೇಕು. ಟೂಕಾನ್‌ಗೆ ಇನ್ನೂ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೈನಾಕ್ಕೆ ನಾಯಿ ಬಿಸ್ಕತ್ತು ನೆನೆಸಿ ಹಾಕುವ ಹಳೆ ಪದ್ಧತಿ ಬಿಡಿ, ಅದರಲ್ಲಿ ಕಬ್ಬಿಣ ತುಂಬಿದೆ. ಕಬ್ಬಿಣ ಸೇರಿಸಿದ ವಿಟಮಿನ್ ಹನಿಯೂ ಬೇಡ. ಬೋರ್‌ವೆಲ್ ನೀರು ಬಕೆಟ್‌ಗೆ ಕೆಂಪು ಕಲೆ ಮಾಡುತ್ತಿದ್ದರೆ ಫಿಲ್ಟರ್ ನೀರು ಕೊಡಿ.

ಹುಳಿ ಹಣ್ಣು ಕಬ್ಬಿಣವನ್ನು ಇನ್ನಷ್ಟು ಹೀರಿಸುತ್ತದೆ. ಕಿತ್ತಳೆ, ಮೂಸಂಬಿ, ಅನಾನಸ್, ಟೊಮ್ಯಾಟೊ ದೂರ ಇಡಿ. ಸೀಬೆ ಹಣ್ಣನ್ನೂ ನಾನು ಸೇರಿಸುವುದಿಲ್ಲ. ಪರಂಗಿಯಲ್ಲೂ ಸಿ ವಿಟಮಿನ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೂ ಟೂಕಾನ್ ಸಾಕಿ ಪಳಗಿದವರ ಬಟ್ಟಲಿನಲ್ಲಿ ಮೊದಲ ಹಣ್ಣು ಪರಂಗಿಯೇ, ಅದರಲ್ಲಿ ಹುಳಿ ಅಂಶ ಕಡಿಮೆ. ಬಾಳೆ, ಸೇಬು, ದ್ರಾಕ್ಷಿ, ಅಂಜೂರ, ಕರಬೂಜ ಸರದಿಯಲ್ಲಿ ಕೊಡಿ. ಬೆಣ್ಣೆ ಹಣ್ಣು ಹಕ್ಕಿಗಳಿಗೆ ವಿಷ, ಒಂದು ಹೋಳೂ ಕೂಡದು.

ಹೋಳು ಒಂದು ಸೆಂಟಿಮೀಟರ್‌ಗಿಂತ ದೊಡ್ಡದಾಗದಿರಲಿ, ಇವು ಅಗಿಯುವುದಿಲ್ಲ, ನುಂಗುತ್ತವೆ. ಬೆಳಿಗ್ಗೆ ಇಟ್ಟ ಹಣ್ಣನ್ನು ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ತೆಗೆಯಿರಿ. ಟುರಾಕೊಗೆ ಹಣ್ಣಿನ ಜೊತೆ ಸೊಪ್ಪು ಹೆಚ್ಚಿ ಹಾಕಿ. ಸ್ಟಾರ್ಲಿಂಗ್‌ಗೆ ಹುಳುವಿನ ಪಾಲು ಜಾಸ್ತಿ. ಬಟ್ಟಲು ಇಡುವ ಮೇಜಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಇಲ್ಲವೆಂದರೆ ಹತ್ತು ನಿಮಿಷಕ್ಕೆ ಇರುವೆ. ಇವುಗಳ ಹಿಕ್ಕೆ ನೀರು ನೀರು, ಗೋಡೆಗೆಲ್ಲ ಸಿಡಿಯುತ್ತದೆ. ದಿನಾ ತೊಳೆಯುವ ಮನಸ್ಸಿಲ್ಲದವರು ಈ ಹಕ್ಕಿಯ ಗೋಜಿಗೆ ಹೋಗದಿರುವುದೇ ವಾಸಿ. ಸ್ನಾನಕ್ಕೆ ಅಗಲವಾದ, ಆಳವಿಲ್ಲದ ಬೋಗುಣಿ ಇಡಿ, ಎರಡು ಹೊತ್ತೂ ಮೀಯುತ್ತವೆ.

ಆರೋಗ್ಯ, ಮತ್ತು ಮನೆಯ ಹೊಗೆ

ಹೊಸ ಹಕ್ಕಿಯನ್ನು 30 ದಿನ ಬೇರೆ ಕೋಣೆಯಲ್ಲಿಡಿ. ಆ ಅವಧಿಯಲ್ಲಿ ಹಿಕ್ಕೆಯನ್ನು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಎಲ್ಲ ಪಶುವೈದ್ಯರಿಗೂ ಹಕ್ಕಿ ನೋಡಿ ರೂಢಿ ಇರುವುದಿಲ್ಲ. ಹಕ್ಕಿ ತರುವ ಮುಂಚೆಯೇ ಅಂಥವರನ್ನು ಹುಡುಕಿಟ್ಟುಕೊಳ್ಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಆಗಾಗ ತೂಕ ಬರೆದಿಡಿ. ಗರಿ ಉಬ್ಬಿಸಿ ಕೂರುವ ಮುಂಚೆಯೇ ತೂಕ ಇಳಿದಿರುತ್ತದೆ.

ವೀವರ್, ಬಿಷಪ್‌ಗಳ ಉಗುರು ಪಂಜರದಲ್ಲಿ ಬೇಗ ಬೆಳೆದು ಸುರುಳಿಯಾಗುತ್ತದೆ. ಜಾಲರಿಗೆ ಸಿಕ್ಕಿ ಕಾಲು ಮುರಿಯುವುದು ಹೀಗೆ. ಬೆಳಕಿಗೆ ಹಿಡಿದರೆ ಒಳಗಿನ ರಕ್ತನಾಳ ಕಾಣುತ್ತದೆ, ಅದರಾಚೆ ತುದಿ ಮಾತ್ರ ಕತ್ತರಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ನಾನ್‌ಸ್ಟಿಕ್ ಬಾಣಲೆ ಕಾದು ಹೋದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಸೊಳ್ಳೆ ಬತ್ತಿ, ಊದುಬತ್ತಿಯೂ ಏವಿಯರಿಯಿಂದ ದೂರವೇ ಇರಲಿ. ಒಣ ಹಿಕ್ಕೆ ಗುಡಿಸುವ ಮುಂಚೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಇದು ನಿಮ್ಮ ಶ್ವಾಸಕೋಶದ ಮಾತು.

ದೀಪಾವಳಿ ಮೂರು ರಾತ್ರಿ ಏವಿಯರಿಯ ಒಳಗೆ ಮಂದ ಬಲ್ಬ್ ಉರಿಯುತ್ತಿರಲಿ. ಪಟಾಕಿ ಸದ್ದಿಗೆ ಕತ್ತಲಲ್ಲಿ ಎದ್ದ ಹಕ್ಕಿ ಜಾಲರಿಗೆ ಬಡಿದು ಸಾಯುತ್ತದೆ. ಬೆಳಕಿದ್ದರೆ ಮತ್ತೆ ಕೊಂಬೆ ಹುಡುಕಿ ಕೂರುತ್ತದೆ. ಊರಿಗೆ ಹೋಗುವುದಿದ್ದರೆ ಕಾಳಿನ ಡಬ್ಬಿ ತೋರಿಸಿ ಹೊರಡುವುದು ವೀವರ್‌ಗೆ ನಡೆದೀತು. ಸಾಫ್ಟ್‌ಬಿಲ್ ಇದ್ದರೆ ನೋಡಿಕೊಳ್ಳುವವರನ್ನು ನಾಲ್ಕು ದಿನ ಮುಂಚೆಯೇ ಕರೆಸಿ, ಹಣ್ಣು ಹೆಚ್ಚುವುದರಿಂದ ತಟ್ಟೆ ತೊಳೆಯುವವರೆಗೆ ಅವರ ಕೈಯಲ್ಲೇ ಮಾಡಿಸಿ. ಕೊಡಬಾರದ ಹಣ್ಣುಗಳ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ, ವೈದ್ಯರ ನಂಬರ್ ಅದರ ಕೆಳಗೇ ಬರೆದಿರಲಿ.